ಎರಡನೇ ಕುದಿಯ ಬಟ್ಟಲು

"ಇನ್ನೂ ಹತ್ತು ನಿಮಿಷ," ಎಂದಳು ಮಿಸುಕ್, ಒಲೆಯ ಮೇಲಿನ ಮಡಕೆಯಿಂದ ಕಣ್ಣು ತೆಗೆಯದೆ. "ಅವಸರ ಮಾಡಿದ್ರೆ ಔಷಧಿ ಆಗಲ್ಲ ಮೇಡಂ, ಬರೀ ಬಿಸಿನೀರಾಗುತ್ತೆ."

ಅವಸರವಿದ್ದದ್ದು ಸಾರ್ಜೆಂಟ್ ಪ್ಯೊ ಸುನ್‌ಡಕ್‌ಗೆ. ಅಡುಗೆಮನೆಯ ಗಡಿಯಾರ ಮೂರಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ನಾಲ್ಕಕ್ಕೆ ಠಾಣೆಯ ವ್ಯಾನು ಬರುತ್ತದೆ. ಮಾವನಿಗೆ ವಿಷ ಹಾಕಿದ ಸೊಸೆ ಎಂದು ಬರೆದ ಕಾಗದ ಈಗಾಗಲೇ ಸಿದ್ಧವಾಗಿದೆ. ಅಷ್ಟರೊಳಗೆ ಏನಾದರೂ ಕೈಗೆ ಸಿಗದಿದ್ದರೆ ಈ ಹೆಂಗಸು ಅದರಲ್ಲಿ ಕೂತು ಹೋಗುತ್ತಾಳೆ, ಆಮೇಲೆ ಅವಳನ್ನು ಹೊರಗೆ ತರಲು ಯಾರ ಕೈಯಲ್ಲೂ ಆಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಈ ಮನೆಯ ಯಜಮಾನ, ಮಿಸುಕ್‌ಳ ಮಾವ, ಎಂಬತ್ತೊಂದು ವರ್ಷದ ಗುಕ್ ಜೊಂಗ್‌ಹ್ವಾನ್, ಜಿನ್‌ಸೆಂಗ್ ಬೇರಿನ ಕಷಾಯ ಕುಡಿದು ಹತ್ತು ಗಂಟೆಗೆ ಜಗಲಿಯ ಮೇಲೆ ಕುಸಿದು ಬಿದ್ದಿದ್ದರು. ಇವತ್ತು ಶುಕ್ರವಾರ, ಡೇಜಾನ್‌ನ ಆಸ್ಪತ್ರೆಯಲ್ಲಿ ಅವರಿನ್ನೂ ಕಣ್ಣು ಬಿಟ್ಟಿಲ್ಲ.

ಪ್ಯೊ ಮಧ್ಯಾಹ್ನವೇ ಬಂದು, ಮಂಗಳವಾರ ಕಾಸಿದ ಹಾಗೆಯೇ ಇನ್ನೊಮ್ಮೆ ಕಾಸಿ ತೋರಿಸು ಎಂದು ಕೇಳಿದ್ದಳು. ಮಿಸುಕ್ ಮರುಮಾತಾಡದೆ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ಮೂರು ಬೇರು ತೊಳೆದಳು, ಸಿಪ್ಪೆ ಕೆರೆಯಲಿಲ್ಲ. ಕಬ್ಬಿಣ ತಾಗಬಾರದೆಂದು ಬಿದಿರಿನ ಚಾಕು ತೆಗೆದಳು. ವಾಂತಿ ತರಿಸುತ್ತದೆಂದು ಬೇರಿನ ತಲೆಗಳನ್ನು ಕೊಯ್ದು ಪಕ್ಕಕ್ಕಿಟ್ಟಳು. ಒಂದು ಹಿಡಿ ಒಣ ಎಲಚಿಹಣ್ಣು, ಮಡಕೆಯ ಕುತ್ತಿಗೆಯವರೆಗೆ ನೀರು, ಬಾಯಿಗೆ ಬಿಳಿ ಕಾಗದ ಕಟ್ಟಿ ಸಣ್ಣ ಉರಿ. ಮೂವತ್ತು ವರ್ಷ ಮಾಡಿದ ಕೆಲಸ ಹೇಗಿರುತ್ತದೋ ಹಾಗೇ ಇತ್ತು.

ಆ ವಾಸನೆಗೇ ಪ್ಯೊಳ ಹಣೆ ಬೆವರಿತ್ತು. ಅವಳದು ಉಷ್ಣದ ದೇಹ. ಜಿನ್‌ಸೆಂಗ್ ನಿನಗಾಗದು ಎಂದು ವೈದ್ಯರು ಎಂದೋ ಹೇಳಿದ್ದಾರೆ. ಆದರೆ ಈ ಸೊಕ್ಕೊಲ್ ಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಮುಂದೆ ಬರುವುದು ಅದೇ ಬಟ್ಟಲು. ಬೇಡ ಎಂದರೆ ಹೊಲಕ್ಕೇ ಬೈದಷ್ಟು ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಅವಳನ್ನು ಕಾಡುತ್ತಿದ್ದದ್ದು ಬೆವರಲ್ಲ, ಕೈಯಲ್ಲಿದ್ದ ಎರಡು ಹಾಳೆಯ ವರದಿ.

ಮಂಗಳವಾರದ ಮಡಕೆಯ ಚರಟದಲ್ಲಿ ಜಿನ್‌ಸೆಂಗ್ ಹೋಳುಗಳ ಜೊತೆಗೆ ಜಾರಿಗೊಂಗ್ ಬೇರಿನ ಹೋಳುಗಳು ಸಿಕ್ಕಿದ್ದವು. ಬೇಲಿಯ ಪಕ್ಕ ತಾನಾಗಿಯೇ ಎದ್ದು ನಿಲ್ಲುವ, ಕಪ್ಪು ಹಣ್ಣಿನ ಗೊಂಚಲು ಬಿಡುವ ಗಿಡ ಅದು. ಬೇರು ದಪ್ಪಗೆ, ಹಳದಿ ಬಣ್ಣಕ್ಕೆ, ಗೊತ್ತಿಲ್ಲದವರ ಕಣ್ಣಿಗೆ ಥೇಟ್ ಜಿನ್‌ಸೆಂಗ್. ಅದು ಹೊಟ್ಟೆಗೆ ಹೋದರೆ ಗಟ್ಟಿ ಆಳೂ ಹಾಸಿಗೆ ಹಿಡಿಯುತ್ತಾನೆ. ಪಟ್ಟಣದಿಂದ ಬಂದವರು ಪ್ರತಿ ವರ್ಷ ಇಬ್ಬರಾದರೂ ಮೋಸ ಹೋಗುತ್ತಾರೆ. ಆದರೆ ಮಿಸುಕ್‌ಗೆ ಅದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವಳೇ ಹಾಕಿದ್ದರೆ ತಿಳಿದೇ ಹಾಕಿದ್ದಾಳೆ.

ಇನ್ಸ್‌ಪೆಕ್ಟರ್ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಆರಕ್ಕೆ ಕಿರಿಮಗ ತೆಸಿಕ್ ಅದೇ ಮಡಕೆಯಿಂದ ಅರ್ಧ ಬಟ್ಟಲು ಕುಡಿದು ಸಂತೆಗೆ ಹೋಗಿದ್ದಾನೆ, ಅವನಿಗೆ ಏನೂ ಆಗಿಲ್ಲ. ಆರೂವರೆಗೆ ಮಾವ ಕುಡಿದಿದ್ದಾರೆ. ನಡುವಿನ ಅರ್ಧ ಗಂಟೆಯಲ್ಲಿ ಸೊಸೆ ವಿಷ ಹಾಕಿದ್ದಾಳೆ. ಮುಗಿಯಿತು.

ಮುಗಿದಿದ್ದರೆ ಪ್ಯೊ ಇಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿರಲಿಲ್ಲ. ಪ್ರಯೋಗಾಲಯದವನು ಬೇರೆ ಬೇರುಗಳನ್ನು ಬೇಯಿಸಿ ಹೋಲಿಸಿ ನೋಡಿ ಫೋನ್ ಮಾಡಿದ್ದ. ವಿಷದ ಬೇರು ಒಂದು ಗಂಟೆಯಾದರೂ ಬೆಂದಿದೆಯಂತೆ. ಜಿನ್‌ಸೆಂಗ್ ಹೋಳುಗಳು ಬೆರಳು ಇಟ್ಟರೆ ಕರಗುವಷ್ಟು ಬೆಂದಿವೆಯಂತೆ, ಮೂರು ಗಂಟೆಗೂ ಮೀರಿ. ಮಿಸುಕ್ ಹೇಳಿಕೆಯ ಪ್ರಕಾರ ಒಲೆ ಹಚ್ಚಿದ್ದು ನಾಲ್ಕಕ್ಕೆ, ಇಳಿಸಿದ್ದು ಆರಕ್ಕೆ.

ಎರಡು ಗಂಟೆಯ ಉರಿಯಲ್ಲಿ ಮೂರು ಗಂಟೆ ಬೆಂದ ಬೇರು. ಅರ್ಧ ಗಂಟೆಯಲ್ಲಿ ಒಂದು ಗಂಟೆ ಬೆಂದ ವಿಷ. ಪ್ಯೊ ಇದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಕೂಡಿ ಕಳೆದು ನೋಡಿದಳು. ತಲೆ ಕೆಟ್ಟು ಗೊಬ್ಬರವಾಯಿತೇ ಹೊರತು ಲೆಕ್ಕ ಕೂಡಲಿಲ್ಲ. ಇನ್ಸ್‌ಪೆಕ್ಟರ್‌ಗೆ ಹೇಳಿದರೆ, ನಿಮ್ಮ ಪ್ರಯೋಗಾಲಯದವನು ಅಡುಗೆಭಟ್ಟನೋ ಪೊಲೀಸೋ ಎಂದು ಕೇಳಿ ನಕ್ಕಿದ್ದ.

ಇದಕ್ಕಿಂತ ದೊಡ್ಡ ಗೊಂದಲ ಮಿಸುಕ್ ಅವಳೇ. ಬೇರೆ ಯಾರಾದರೂ ಒಳಗೆ ಬಂದಿರಬಹುದಲ್ಲ ಎಂದರೆ ಯಾರೂ ಬಂದಿಲ್ಲ ಎನ್ನುತ್ತಾಳೆ. ನೀವು ನಿದ್ದೆಗಣ್ಣಲ್ಲಿ ಗಮನಿಸದೆ ಇದ್ದಿರಬಹುದಲ್ಲ ಎಂದರೆ ಎಚ್ಚರವಾಗೇ ಇದ್ದೆ ಎನ್ನುತ್ತಾಳೆ. ತಪ್ಪಿಸಿಕೊಳ್ಳಲು ಪ್ಯೊ ಒಂದೊಂದೇ ಬಾಗಿಲು ತೆರೆದು ಹಿಡಿದಂತೆಲ್ಲ ಇವಳು ಹೋಗಿ ಅದನ್ನು ಮುಚ್ಚಿ ಬರುತ್ತಾಳೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಪ್ಯೊ ಬೇಕಾದಷ್ಟು ನೋಡಿದ್ದಳು. ಸಿಕ್ಕಿಹಾಕಿಕೊಳ್ಳುವುದಕ್ಕೆ ಹೀಗೆ ಹಟ ಹಿಡಿದವರನ್ನು ನೋಡಿರಲಿಲ್ಲ.

ಕಿಟಕಿಯಾಚೆ ಜಗಲಿಯಲ್ಲಿ ಮನೆಯ ಉಳಿದ ಇಬ್ಬರೂ ಕೂತಿದ್ದರು. ಯಜಮಾನರ ತಂಗಿ, ಎಪ್ಪತ್ತಾರು ವರ್ಷದ ಒಕ್‌ನ್ಯೊ, ಮೊರದಲ್ಲಿ ಎಲಚಿಹಣ್ಣು ಆರಿಸುತ್ತಿದ್ದಳು. ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿದೆ; ಕೊಳೆತದ್ದನ್ನು ಒಳ್ಳೆಯದರ ಗುಂಪಿಗೂ ಒಳ್ಳೆಯದನ್ನು ಕೊಳೆತದ್ದರ ಗುಂಪಿಗೂ ಸಮಾಧಾನವಾಗಿ ಹಾಕುತ್ತಿದ್ದಳು. ತೆಸಿಕ್ ಸಿಗರೇಟು ಸೇದುತ್ತ ಗೇಟನ್ನೇ ನೋಡುತ್ತಿದ್ದ. ಮುಂದಿನ ಶರತ್ಕಾಲಕ್ಕೆ ಕೀಳಬೇಕಾದ ಆರು ವರ್ಷದ ಬೆಳೆಯ ಹೊಲವನ್ನು ಅಪ್ಪ ಅತ್ತಿಗೆಯ ಹೆಸರಿಗೆ ಮಾಡುತ್ತಾರಂತೆ ಎಂದು ಊರೆಲ್ಲ ಮಾತಿತ್ತು. ಅಣ್ಣ ಸತ್ತು ಆರು ವರ್ಷವಾದರೂ ಅತ್ತಿಗೆ ತವರಿಗೆ ಹೋಗದೆ ಇಲ್ಲೇ ಉಳಿದದ್ದು ಅವನಿಗೆ ಒಳ್ಳೆಯದಾಗಿ ಕಂಡಿತ್ತೋ ಕೆಟ್ಟದಾಗಿ ಕಂಡಿತ್ತೋ ಯಾರಿಗೂ ಗೊತ್ತಿಲ್ಲ.

ಆದರೆ ಇಬ್ಬರ ಮೇಲೂ ಬೆರಳು ತೋರಿಸುವ ಹಾಗಿರಲಿಲ್ಲ. ಆರರಿಂದ ಆರೂವರೆಯವರೆಗೆ ತೆಸಿಕ್ ಗುಮ್‌ಸಾನ್ ಸಂತೆಯ ದಾರಿಯಲ್ಲಿದ್ದ. ಪಕ್ಕದ ಮನೆಯವನೂ ಅವನ ಟ್ರಕ್ಕಿನಲ್ಲೇ ಕೂತಿದ್ದ. ಒಕ್‌ನ್ಯೊ ಏಳರವರೆಗೆ ಗೊರಕೆ ಹೊಡೆಯುತ್ತಿದ್ದದ್ದು ಬೇಲಿಯಾಚೆಗೂ ಕೇಳಿದೆ.

ಮಿಸುಕ್ ಕಾಗದ ಬಿಚ್ಚಿದಳು. ಬಟ್ಟೆಯಲ್ಲಿ ಸೋಸಿ ಬಿಳಿ ಬಟ್ಟಲಿಗೆ ಬಗ್ಗಿಸಿದಳು. ಜೇನಿನ ಬಣ್ಣದ ಕಷಾಯ, ಮೇಲೆ ಸಣ್ಣ ನೊರೆ. ಎರಡೂ ಕೈಯಲ್ಲಿ ಹಿಡಿದು ಪ್ಯೊ ಮುಂದೆ ಇಟ್ಟು, ಹೆದರಿಕೆಯಾದರೆ ನಾನೇ ಮೊದಲು ಒಂದು ಗುಟುಕು ಕುಡಿಯುತ್ತೇನೆ ಎಂದಳು. ಅದು ತಮಾಷೆಯೋ ಮುನಿಸೋ ಪ್ಯೊಗೆ ತಿಳಿಯಲಿಲ್ಲ. ಅವಳು ಕುಡಿದಳು. ಮೊದಲು ಕಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಸಿಹಿ. ಕಿವಿ ಬೆಚ್ಚಗಾಯಿತು.

ಬಟ್ಟಲು ಕೆಳಗಿಟ್ಟು ತಲೆ ಎತ್ತಿದಾಗ ಮಿಸುಕ್ ಮಡಕೆಗೆ ಮತ್ತೆ ನೀರು ಹಾಕುತ್ತಿದ್ದಳು.

ಯಾರೂ ಕೇಳಿರಲಿಲ್ಲ. ಅವಳ ಕಣ್ಣು ಕಿಟಕಿಯಾಚೆ ಇತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಚರಟದ ಮೇಲೆ ಎರಡು ಸೌಟು ನೀರು, ಮಡಕೆ ಒಲೆಯ ಮೇಲೆ, ಮತ್ತೆ ಸಣ್ಣ ಉರಿ.

"ಇದು ಯಾರಿಗೆ?" ಎಂದಳು ಪ್ಯೊ.

"ನನಗೆ," ಎಂದುಬಿಟ್ಟಳು ಮಿಸುಕ್. ಎಂದ ಮೇಲೆ ಅವಳ ಕೈ ಒಲೆಯ ಗುಂಡಿಯ ಮೇಲೆಯೇ ನಿಂತಿತು.

ಪ್ಯೊಳ ತಲೆಯೊಳಗೆ ಏನೋ ಕದಲಿತು. ಗಂಡನನ್ನು ಬಿಟ್ಟು ಬರುವ ಮೊದಲು ಅವಳೂ ಹನ್ನೊಂದು ವರ್ಷ ಒಂದು ಮನೆಯ ಸೊಸೆಯಾಗಿದ್ದವಳು. ಆ ಮನೆಯಲ್ಲೂ ಮೊದಲ ಕುದಿ ಹಿರಿಯರಿಗೆ, ಉಳಿದರೆ ಗಂಡುಮಕ್ಕಳಿಗೆ. ಅದೇ ಚರಟವನ್ನು ಮತ್ತೆ ಕುದಿಸಿದ ಎರಡನೇ ಕುದಿ ಸೊಸೆಗೆ. ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ, ಪುಸ್ತಕದಲ್ಲಿ ಬರೆದದ್ದೂ ಅಲ್ಲ. ಅತ್ತೆ ಹಾಗೆ ಕುಡಿದಿದ್ದಳು, ಆದ್ದರಿಂದ ಇವಳೂ ಕುಡಿದಳು. ಬೆಳಿಗ್ಗೆ ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ನಿಂತುಕೊಂಡು ಕುಡಿದ ಆ ತೆಳು ಹಳದಿ ನೀರಿನ ರುಚಿ ಈಗ ಬಾಯಿಗೆ ಬಂದ ಹಾಗಾಯಿತು. ಸಿಟ್ಟೂ ಬಂತು.

ಎರಡು ಸಲ ಕುದಿದರೆ ಮೂರು ಗಂಟೆ ದಾಟುತ್ತದೆ. ಎರಡನೇ ಸಲ ಮಾತ್ರ ಕುದಿದರೆ ಒಂದು ಗಂಟೆ.

"ಮಂಗಳವಾರ ಎರಡನೇ ಕುದಿ ಇಟ್ಟಿದ್ರಿ," ಎಂದಳು ಪ್ಯೊ.

"ಇಲ್ಲ. ಆವತ್ತು ಇಡಲಿಲ್ಲ."

"ಮೂವತ್ತು ವರ್ಷದಲ್ಲಿ ಆವತ್ತು ಒಂದಿನ ಇಡಲಿಲ್ಲ?"

"ಇಡಲಿಲ್ಲ ಅಂದೆನಲ್ಲ."

"ನಿಮ್ಮ ಕೈ ಬೇರೆ ಹೇಳ್ತಿದೆ."

ಮಿಸುಕ್ ಒಲೆ ಆರಿಸಲಿಲ್ಲ. ಪ್ಯೊ ವರದಿಯ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಒಂದೊಂದಾಗಿ ಹೇಳಿದಳು. ವಿಷ ಬಿದ್ದದ್ದು ಎರಡನೇ ಕುದಿಗೆ. ಎರಡನೇ ಕುದಿ ಸೊಸೆಯದು ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂದರೆ ಸಾಯಬೇಕಾಗಿದ್ದದ್ದು ಮಾವ ಅಲ್ಲ, ನೀವು. ನೀವು ಕುಡಿಯಬೇಕಾದ ಬಟ್ಟಲು ಅವರ ಹೊಟ್ಟೆಗೆ ಹೇಗೆ ಹೋಯಿತು ಎಂದು ಹೇಳಿ, ಆ ವ್ಯಾನನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ.

"ಮಾವ ಕುಡಿದಿದ್ದು ಮೊದಲನೇದು," ಎಂದಳು ಮಿಸುಕ್.

"ಅಕ್ಕಾ."

ಆ ಒಂದು ಕರೆಗೆ ಮಿಸುಕ್ ಇತ್ತ ತಿರುಗಿದಳು. ಮೂರು ದಿನದಿಂದ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಆರೋಪಿ ಎಂದು.

"ನಾನೂ ಕುಡಿದವಳೇ ಅಕ್ಕಾ, ಎರಡನೇದನ್ನ, ಹನ್ನೊಂದು ವರ್ಷ," ಎಂದಳು ಪ್ಯೊ. "ನನ್ನ ಹತ್ರ ಮುಚ್ಚಿಡಬೇಡಿ."

ಮಿಸುಕ್ ಸ್ಟೂಲಿನ ಮೇಲೆ ಕೂತಳು. ಸೊಂಟದ ಬಟ್ಟೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಹೇಳತೊಡಗಿದಳು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ.

ಮಂಗಳವಾರ ಆರೂವರೆಗೆ ಬಟ್ಟಲು ತೆಗೆದುಕೊಂಡು ಮಾವನ ಕೋಣೆಗೆ ಹೋದಳಂತೆ. ಅವರು ಎದ್ದು ಬಾಗಿಲು ಹಾಕಿದರು. ಕೂತುಕೋ ಎಂದರು. ಬಟ್ಟಲನ್ನು ತಿರುಗಿಸಿ ಅವಳ ಮುಂದೆ ಇಟ್ಟು, ಇವತ್ತು ಇದನ್ನು ನೀನು ಕುಡಿ ಎಂದರು. ಅವಳು ಬೇಡವೆಂದು ತಲೆ ನೆಲಕ್ಕೆ ಹಚ್ಚಿದಳು. ಅವರು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ನಿನಗೆ ಮೊದಲನೆಯದು ಕೊಟ್ಟಿದ್ದೇವೆಯೇ ಎಂದು ಕೇಳಿದರು. ಗಂಡ ಸತ್ತ ದಿನವೂ ಅವಳೆದುರು ಅಳದ ಮನುಷ್ಯ, ಅವತ್ತು ತೋಳಿನಿಂದ ಕಣ್ಣು ಒರೆಸಿಕೊಂಡರು.

"ಮುಖ ಪಕ್ಕಕ್ಕೆ ತಿರುಗಿಸ್ಕೊಂಡು ಕುಡಿದೆ," ಎಂದಳು ಮಿಸುಕ್. "ಅಷ್ಟು ಗಟ್ಟಿ ಇರುತ್ತೆ ಅಂತ ಗೊತ್ತೇ ಇರಲಿಲ್ಲ ನನಗೆ. ದಿನಾ ಕಾಸೋಳು ನಾನೇ."

ಆಮೇಲೆ ಅವಳು ಎರಡನೇ ಕುದಿ ಇಟ್ಟು, ಜಿನ್‌ಸೆಂಗ್ ಸಾಲುಗಳ ಮೇಲೆ ಬಿಸಿಲು ಬೀಳದಂತೆ ಕಟ್ಟಿದ್ದ, ಗಾಳಿಗೆ ಹರಿದಿದ್ದ ನೆರಳಿನ ಬಟ್ಟೆಯನ್ನು ಮತ್ತೆ ಕಟ್ಟಲು ಏಳೂವರೆಗೆ ಹೊಲಕ್ಕೆ ಹೋದಳು. ವಾಪಸ್ ಬಂದಾಗ ಒಂಬತ್ತೂವರೆ. ಮಾವನ ಮುಂದೆ ಬಟ್ಟಲು ಖಾಲಿಯಾಗಿತ್ತು. ಹತ್ತಕ್ಕೆ ಅವರು ಬಿದ್ದರು.

"ಇದನ್ನ ಮೊದಲನೇ ದಿನವೇ ಹೇಳಿದ್ರೆ ನಿಮ್ಮನ್ನ ಯಾರು ಮುಟ್ತಿದ್ರು?"

"ಹೇಗೆ ಹೇಳಲಿ?" ಮಿಸುಕ್ ಧ್ವನಿ ಮೊದಲ ಸಲ ಏರಿತು. "ಈ ಮನೆ ಹಿರೀ ಸೊಸೆ ನಾನು. ಹಿರಿಯರ ಪೂಜೆಗೆ ಎಡೆ ಇಡೋ ಕೈ ಇದು. ತಾನು ಮೊದಲನೇದು ಕುಡಿದು ಮಾವನಿಗೆ ಚರಟದ ನೀರು ಕೊಟ್ಟಳು, ಅದನ್ನ ಕುಡಿದೇ ಅವರು ಬಿದ್ರು ಅಂತ ಸಂತೇಲಿ ಆಡ್ಕೊಳ್ಳಲ್ವಾ? ಜೈಲಿಂದ ಒಂದಿನ ಬರಬಹುದು ಮೇಡಂ. ಆ ಮಾತಿಂದ ಆಚೆ ಬರೋಕಾಗಲ್ಲ."

ಪ್ಯೊಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ದಿನ, ಆರು ಪೊಲೀಸರು, ಒಂದು ಪ್ರಯೋಗಾಲಯ, ಎಲ್ಲರೂ ತಪ್ಪು ಗಂಟೆಯನ್ನು ಹಿಡಿದು ತಿರುಗಿದ್ದರು, ಒಬ್ಬ ಸೊಸೆಗೆ ತಾನು ಕುಡಿದದ್ದು ಹೇಳಲು ನಾಚಿಕೆಯಾಯಿತು ಎಂಬ ಕಾರಣಕ್ಕೆ. ಆದರೆ ಬೈಯುವುದಕ್ಕೂ ಬಾಯಿ ಬರಲಿಲ್ಲ. ಬೇರೆ ಯಾವ ಊರಿನವರಿಗೂ ಅರ್ಥವಾಗದ ಆ ಹಟ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಹಿರಿಯರಿಗೆ ಎರಡನೇ ಕುದಿ ಕೊಡುವುದನ್ನು ಅವಳೂ ಯೋಚಿಸಿರಲಿಲ್ಲ. ಅದಕ್ಕೇ ಮೂರು ದಿನ ಕುರುಡಿಯಾಗಿದ್ದಳು.

ಗಡಿಯಾರ ಮೂರೂವರೆ ದಾಟಿತ್ತು. ಪ್ಯೊ ಹೇಳಿಕೆಯ ಪುಸ್ತಕ ತೆಗೆದು ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಮನಸ್ಸಿಗೆ ಬಂತು: ಆರರಿಂದ ಆರೂವರೆ ಎಂಬ ಲೆಕ್ಕ ಬಿದ್ದುಹೋದ ಮೇಲೆ ಜಗಲಿಯಲ್ಲಿ ಕೂತ ಇಬ್ಬರ ರಕ್ಷಣೆಯೂ ಬಿದ್ದುಹೋಯಿತು. ಒಕ್‌ನ್ಯೊ ಏಳಕ್ಕೆ ಎದ್ದಿದ್ದಾಳೆ, ಆಮೇಲೆ ಅವಳೆಲ್ಲಿದ್ದಳೆಂದು ಯಾರೂ ಕೇಳಿಲ್ಲ. ತೆಸಿಕ್ ಸಂತೆ ಸೇರಿದ್ದು ಏಳಕ್ಕೆ ಮುಂಚೆ. ಅಲ್ಲಿಂದ ಮನೆಗೆ ಟ್ರಕ್ಕಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಆಮೇಲೆ ಅವನನ್ನು ನೋಡಿದವರು ಯಾರೆಂದು ಯಾರೂ ಕೇಳಿಲ್ಲ. ಕೇಳಬೇಕಾಗಿದ್ದವಳು ತಾನೇ.

"ಒಂದೇ ಒಂದು ಮಾತು," ಎಂದಳು. "ಮಾವ ಎರಡನೇದು ತಾನು ಕುಡಿತೀನಿ ಅಂದಿದ್ರಾ, ಅಥವಾ ನೀವಿಲ್ಲದಾಗ ತಾವೇ ಬಗ್ಗಿಸ್ಕೊಂಡ್ರಾ?"

"ಅಂದಿದ್ರು. ಬಟ್ಟಲು ವಾಪಸ್ ಕೊಡುವಾಗ ಹೇಳಿದ್ರು." ಮಿಸುಕ್ ಮುಖದಲ್ಲಿ ಸಣ್ಣ ನಗು ಬಂತು, ನೆನಪಿಗೆ ಬಂದ ನಗು. "ಇವತ್ತು ಎರಡನೇದನ್ನ ನೀನು ಮುಟ್ಟಬೇಡಮ್ಮ. ಎಷ್ಟು ಬಾಯಾರಿದ್ರೂ ಮುಟ್ಟಬೇಡ. ಅದು ನನಗೇ ಇರಲಿ. ಹೀಗೆ ಹೇಳಿದ್ರು. ಅಮ್ಮ ಅಂದಿದ್ದೂ ಅವತ್ತೇ ಮೊದಲು."

ಪ್ಯೊಳ ಪೆನ್ನು ನಿಂತಿತು.

ಆರೂವರೆಗೆ ಹೇಳಿದ ಮಾತು. ಆರೂವರೆಗೆ ಮಡಕೆಯಲ್ಲಿ ವಿಷ ಇರಲಿಲ್ಲ; ಇದ್ದಿದ್ದರೆ ತೆಸಿಕ್ ಆಗಲಿ ಮಿಸುಕ್ ಆಗಲಿ ಇವತ್ತು ಹೀಗೆ ಕೂತಿರುತ್ತಿರಲಿಲ್ಲ. ಎರಡನೇ ನೀರನ್ನು ಆಗಿನ್ನೂ ಹಾಕಿರಲೇ ಇಲ್ಲ. ಇನ್ನೂ ಕುದಿಯದ ಕಷಾಯವನ್ನು, ಇನ್ನೂ ಬೀಳದ ವಿಷವನ್ನು, ಮುಟ್ಟಬೇಡ ಎಂದು ಆ ಮುದುಕರು ಹೇಳಿದ್ದರು.

ಅವಳು ಬರೆದುಕೊಂಡ ಆ ಮಾತನ್ನು ಮತ್ತೊಮ್ಮೆ ಓದಿದಳು. ಗೊತ್ತಿತ್ತು ಎಂದಾದರೆ ಚೆಲ್ಲಿಬಿಡಬಹುದಿತ್ತು. ಮಡಕೆಯನ್ನೇ ಒಡೆಯಬಹುದಿತ್ತು. ಮಗನನ್ನೋ ತಂಗಿಯನ್ನೋ ಕರೆದು ಕೆನ್ನೆಗೆ ಬಾರಿಸಬಹುದಿತ್ತು. ಗೊತ್ತಿದ್ದೂ ಕೂತು ಯಾಕೆ ಕುಡಿದರು? ತಾವೇ ಹಾಕಿಕೊಂಡರೇ? ಹಾಗಾದರೆ ಸೊಸೆಗೆ ಕಾಸಲು ಯಾಕೆ ಬಿಟ್ಟರು? ಸ್ವಲ್ಪ ಹೊತ್ತಿನ ಹಿಂದೆ ಬಿಡಿಸಿಕೊಂಡಿದ್ದ ಗಂಟು ಮೊದಲಿಗಿಂತ ಬಿಗಿಯಾಯಿತು.

"ಅಕ್ಕಾ," ಎಂದಳು ನಿಧಾನವಾಗಿ. "ಅವರು ನಿಮಗೆ ಮೊದಲನೇದು ಕೊಟ್ಟಿದ್ದು ಯಾಕೆ ಅಂತ ನಿಮಗನ್ನಿಸುತ್ತೆ?"

ಕೇಳಬಾರದಿತ್ತು ಎಂದು ಕೇಳಿದ ಮೇಲೆ ಗೊತ್ತಾಯಿತು. ಮಿಸುಕ್ ಮುಖದ ಮೇಲಿನ ನಗು ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಇಲ್ಲವಾಯಿತು. ಮೂವತ್ತು ವರ್ಷದಲ್ಲಿ ಈ ಮನೆ ಅವಳಿಗೆ ಕೊಟ್ಟ ಒಂದೇ ಒಂದು ಬಟ್ಟಲು ಅದು. ಪ್ಯೊಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಮಿಸುಕ್ ಅಳಲಿಲ್ಲ. ಯೋಚಿಸುತ್ತಿದ್ದಳು. ತುಟಿ ಸಣ್ಣಗೆ ಅಲುಗಾಡುತ್ತಿತ್ತು, ಸೋಮವಾರದಿಂದ ನಡೆದದ್ದನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಿರುವವಳ ಹಾಗೆ. ಒಮ್ಮೆಲೇ ನಿಂತುಬಿಟ್ಟಳು. ಕಿಟಕಿಯ ಕಡೆ ತಿರುಗಿ ಜಗಲಿಯನ್ನು ನೋಡಿದಳು. ಅವಳ ಕೈ ಬಾಯಿಗೆ ಹೋಯಿತು.

"ಏನು? ಏನು ನೆನಪಾಯ್ತು?" ಎಂದು ಪ್ಯೊ ಎದ್ದಳು.

"ಏನಿಲ್ಲ."

"ಯಾರು ಅಕ್ಕಾ?"

"ಏನಿಲ್ಲ ಅಂದೆನಲ್ಲ ಮೇಡಂ."

ಗೇಟಿನ ಹತ್ತಿರ ವ್ಯಾನಿನ ಬಾಗಿಲು ಸರಿದ ಸದ್ದು ಕೇಳಿತು. ನಾಲ್ಕಾಗಲು ಇನ್ನೂ ಹದಿನೈದು ನಿಮಿಷವಿತ್ತು. ಕೆಟ್ಟ ಕೆಲಸಕ್ಕೆ ಇನ್ಸ್‌ಪೆಕ್ಟರ್ ಯಾವತ್ತೂ ಮುಂಚೆಯೇ ಬರುತ್ತಾನೆ. ಪ್ಯೊ ಹೇಳಿಕೆಯ ಪುಸ್ತಕವನ್ನು ಮಿಸುಕ್ ಮುಂದೆ ಚಾಚಿ, ಇಲ್ಲೊಂದು ಸಹಿ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಳು.

ಮಿಸುಕ್ ಪುಸ್ತಕ ತೆಗೆದುಕೊಂಡಳು. ಬರೆದ ಹಾಳೆಯನ್ನು ಓದಿದಳು, ಸಮಾಧಾನವಾಗಿ, ಪೂರ್ತಿ. ಆಮೇಲೆ ಆ ಹಾಳೆಯನ್ನು ಹರಿದು ನಾಲ್ಕು ಮಡಿಕೆ ಮಾಡಿ ಒಲೆಯ ಉರಿಗೆ ಹಿಡಿದಳು. ಪ್ಯೊ ಕೈ ಚಾಚುವಷ್ಟರಲ್ಲಿ ಅದು ಅರ್ಧ ಸುಟ್ಟಿತ್ತು.

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ಒಳಗೆ ಬಂದ. ಸುಟ್ಟ ವಾಸನೆಗೆ ಮೂಗು ಮುರಿದ.

"ಮಾವ ಕುಡಿದಿದ್ದು ಮೊದಲನೇ ಕುದಿ," ಎಂದಳು ಮಿಸುಕ್ ಅವನಿಗೆ, ಗಟ್ಟಿಯಾಗಿ, ಹೊರಗಿನವರಿಗೂ ಕೇಳಿಸುವ ಹಾಗೆ. "ಕಾಸಿದ್ದು ನಾನು. ಬೇರು ಹಾಕಿದ್ದೂ ನಾನೇ. ಬೇರೆ ಯಾರೂ ಅಡುಗೆಮನೆಗೆ ಬಂದಿಲ್ಲ. ನಡೀರಿ."

ಮೂರು ದಿನದಲ್ಲಿ ಅವಳು ತಾನೇ ಹಾಕಿದೆ ಎಂದದ್ದು ಇದೇ ಮೊದಲ ಸಲ.

ಪ್ಯೊ ಕಿಟಕಿಯ ಕಡೆ ತಿರುಗಿದಳು. ಜಗಲಿಯಲ್ಲಿ ತೆಸಿಕ್ ತಲೆ ತಗ್ಗಿಸಿ ಕೂತಿದ್ದ. ಒಕ್‌ನ್ಯೊಳೂ ಮೊರದ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮಿಸುಕ್ ಚಪ್ಪಲಿ ಹಾಕಿಕೊಂಡು ಅವರಿಬ್ಬರ ಮುಂದೆಯೇ ಹಾದು ಹೋಗಿ ವ್ಯಾನು ಹತ್ತಿದಳು, ಇಬ್ಬರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮಾವ ವಿಷ ಕುಡಿದು ಮುಚ್ಚಿಟ್ಟ ಹೆಸರನ್ನೇ ತಾನೂ ಮುಚ್ಚಿಟ್ಟು, ಆ ಇಬ್ಬರಲ್ಲಿ ಒಬ್ಬರಿಗೋಸ್ಕರ ಅವಳು ಜೈಲಿಗೆ ಹೊರಟಿದ್ದಳು, ಯಾರಿಗೋಸ್ಕರ ಎಂದು ಪ್ಯೊಗೆ ಗೊತ್ತಾಗಲಿಲ್ಲ.